ಬೈಬಲ್‌ನಲ್ಲಿ ಅನ್ಯಜನರ ಮೂಲಕ ದೇವರ ಕಾರ್ಯ

ಇಸ್ರಾಯೇಲರ ದೇವರಾದ ಯೆಹೋವನನ್ನು ಅರಿಯದವರ ಮೂಲಕವೂ ಆತನು ತನ್ನ ಉದ್ದೇಶವನ್ನು ನೆರವೇರಿಸುತ್ತಾನೆ ಎಂಬುದು ಬೈಬಲ್‌ನ ಹಳೆಯ ಮತ್ತು ಹೊಸ ಒಡಂಬಡಿಕೆಗಳೆರಡರಲ್ಲೂ ಕಂಡುಬರುವ ಒಂದು ವಿಚಾರ. ಪರ್ಷಿಯದ ದೊರೆ ಕೋರೆಷನು (ಇತಿಹಾಸ ಗ್ರಂಥಗಳಲ್ಲಿ ಸೈರಸ್) ಇದರ ಅತ್ಯಂತ ಪ್ರಸಿದ್ಧ ನಿದರ್ಶನ. ಅಶ್ಶೂರದ ಅರಸ, ಬಾಬಿಲೋನಿನ ನೆಬೂಕದ್ನೆಚ್ಚರ, ಈಜಿಪ್ಟಿನ ಫರೋಹ ನೆಕೋ, ಮಂತ್ರವಾದಿ ಬಿಳಾಮ ಮೊದಲಾದವರ ವೃತ್ತಾಂತಗಳಲ್ಲಿಯೂ ಇದೇ ವಿಚಾರ ಬೇರೆಬೇರೆ ರೂಪಗಳಲ್ಲಿ ಬಂದಿದೆ. ದೇವರು ಒಬ್ಬನನ್ನು ಬಳಸಿಕೊಳ್ಳುವುದು ಮತ್ತು ಅವನನ್ನು ಮೆಚ್ಚುವುದು ಒಂದೇ ಅಲ್ಲ ಎಂಬುದು ಈ ವೃತ್ತಾಂತಗಳನ್ನು ಒಟ್ಟಾಗಿ ಓದಿದಾಗ ಸ್ಪಷ್ಟವಾಗುತ್ತದೆ.

ಪದದ ವ್ಯಾಪ್ತಿ

ಕನ್ನಡ ಬೈಬಲ್‌ನಲ್ಲಿ ಬಳಕೆಯಾಗಿರುವ ‘ಅನ್ಯಜನರು’, ‘ಅನ್ಯಜನಾಂಗಗಳು’ ಎಂಬ ಪದಗಳು ಹೀಬ್ರೂವಿನ ‘ಗೋಯಿಮ್’ ಎಂಬುದಕ್ಕೆ ಸಮಾನವಾದವು. ಅದರ ಮೂಲಾರ್ಥ ಕೇವಲ ‘ಜನಾಂಗಗಳು’ ಎಂದು. ದೇವರೇ ಇಲ್ಲವೆನ್ನುವ ಇಂದಿನ ನಾಸ್ತಿಕವಾದದ ಅರ್ಥವನ್ನು ಈ ಪದಕ್ಕೆ ಆರೋಪಿಸುವುದು ಸರಿಯಲ್ಲ. ಪ್ರಾಚೀನ ಪಶ್ಚಿಮ ಏಷ್ಯಾದ ಪ್ರತಿಯೊಬ್ಬ ಅರಸನೂ ಯಾವುದೋ ದೇವತೆಯ ಭಕ್ತನಾಗಿದ್ದನು. ಪ್ರವಾದಿಗಳ ಪಾಲಿಗೆ ಪ್ರಶ್ನೆ ಇದ್ದುದು ಅವನು ನಂಬುತ್ತಾನೆಯೇ ಎಂಬುದಲ್ಲ, ಯಾರನ್ನು ನಂಬುತ್ತಾನೆ ಎಂಬುದು.

ಯೆರಿಕೋವಿನ ರಾಹಾಬ, ಮೋವಾಬ್ ನಾಡಿನ ರೂತ, ಅರಾಮ್ಯರ ಸೇನಾಪತಿ ನಾಮಾನ ಇವರು ಅನ್ಯಜನಾಂಗಕ್ಕೆ ಸೇರಿದವರಾದರೂ ಕಥೆಯೊಳಗೇ ಯೆಹೋವನ ಕಡೆಗೆ ತಿರುಗಿದವರು. ಆದುದರಿಂದ ಈ ಲೇಖನದ ವಿಷಯಕ್ಕೆ ಅವರು ನೇರವಾಗಿ ಸೇರುವುದಿಲ್ಲ.

ಕೋರೆಷ

ಕ್ರಿ.ಪೂ. 587 ಅಥವಾ 586ರಲ್ಲಿ ಬಾಬಿಲೋನಿನ ಸೈನ್ಯವು ಯೆರೂಸಲೇಮನ್ನು ನಾಶಮಾಡಿ, ದೇವಾಲಯವನ್ನು ಸುಟ್ಟು, ಯೆಹೂದದ ಜನರಲ್ಲಿ ಬಹುಮಂದಿಯನ್ನು ಸೆರೆಯೊಯ್ದಿತು. ಸುಮಾರು ಅರ್ಧ ಶತಮಾನದ ಬಳಿಕ, ಕ್ರಿ.ಪೂ. 539ರಲ್ಲಿ, ಪರ್ಷಿಯದ ಎರಡನೆಯ ಕೋರೆಷನು ಅರಸ ನಬೋನಿಡಸ್‌ನನ್ನು ಸೋಲಿಸಿ ಬಾಬಿಲೋನನ್ನು ವಶಪಡಿಸಿಕೊಂಡನು. ಸೆರೆಯವರು ಊರಿಗೆ ಮರಳಿ ದೇವಾಲಯವನ್ನು ಕಟ್ಟಿಕೊಳ್ಳಲು ಅವನು ಅಪ್ಪಣೆ ಕೊಟ್ಟನೆಂದು ಎಜ್ರನ ಗ್ರಂಥದ ಮೊದಲ ಅಧ್ಯಾಯ ತಿಳಿಸುತ್ತದೆ. ನೆಬೂಕದ್ನೆಚ್ಚರನು ದೋಚಿದ್ದ ದೇವಾಲಯದ ಪಾತ್ರೆಗಳನ್ನೂ ಅವನು ಹಿಂದಿರುಗಿಸಿದನು. ಕಟ್ಟಡವು ದಾರ್ಯಾವೆಷನ ಆಳ್ವಿಕೆಯ ಆರನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 515ರ ಸುಮಾರಿಗೆ ಪೂರ್ಣವಾಯಿತು.

ಈ ಕೋರೆಷನನ್ನು ಯೆಶಾಯನ ಗ್ರಂಥವು (44:28, 45:1) ಮೊದಲು ದೇವರ ಕುರುಬನೆಂದೂ ಬಳಿಕ ದೇವರ ‘ಅಭಿಷಿಕ್ತ’ನೆಂದೂ ಕರೆಯುತ್ತದೆ. ಅಭಿಷಿಕ್ತ ಎಂಬುದಕ್ಕೆ ಅಲ್ಲಿರುವ ಹೀಬ್ರೂ ಪದ ‘ಮಷೀಹ’. ಅದರ ಗ್ರೀಕ್ ರೂಪ ‘ಕ್ರಿಸ್ತೋಸ್’. ಸೌಲ, ದಾವೀದರಂಥ ಅರಸರಿಗೂ ಯಾಜಕರಿಗೂ ಮೀಸಲಾಗಿದ್ದ ಈ ಬಿರುದು ಹಳೆಯ ಒಡಂಬಡಿಕೆಯಲ್ಲಿ ಹೆಸರಿಸಿ ಸಂದಿರುವ ಏಕೈಕ ಪರದೇಶದ ದೊರೆ ಕೋರೆಷ. (ಅರಾಮಿನ ಹಜಾಯೇಲನನ್ನು ಅಭಿಷೇಕಿಸಬೇಕೆಂದು ಎಲೀಯನಿಗೆ ಆಜ್ಞೆಯಾದದ್ದು ಉಂಟು, ಆದರೆ ಅವನಿಗೆ ಆ ಬಿರುದು ಸಿಕ್ಕಿಲ್ಲ.) ಕ್ರೈಸ್ತ ಓದುಗರಿಗೆ ಇದು ಸಾಮಾನ್ಯ ಸಂಗತಿಯಲ್ಲ. ಯೇಸುವಿಗೆ ಸಲ್ಲುವ ಬಿರುದೇ ಗ್ರೀಕ್ ಬೈಬಲ್‌ನಲ್ಲಿ ಒಬ್ಬ ಪರ್ಷಿಯನ್ ದಂಡನಾಯಕನಿಗೂ ಸಂದಿದೆ.

ಅದೇ ಅಧ್ಯಾಯದ 4 ಮತ್ತು 5ನೆಯ ವಚನಗಳು ಕೋರೆಷನು ತನ್ನನ್ನು ಕರೆದ ದೇವರನ್ನು ಅರಿತವನಲ್ಲ ಎಂದು ಎರಡು ಸಲ ಒತ್ತಿ ಹೇಳುತ್ತವೆ. ಅವನು ಅರಿಯಲಿ ಎಂಬ ಆಶಯ 3ನೆಯ ವಚನದಲ್ಲಿದೆ. ಆದರೆ ಇದಕ್ಕೂ ಮುಂಚೆ, 41:25ರಲ್ಲಿ, ಪೂರ್ವದಿಂದ ಬರುವ ವಿಜೇತನೊಬ್ಬನು ಯೆಹೋವನ ನಾಮವನ್ನು ಹೇಳಿ ಪ್ರಾರ್ಥಿಸುವನೆಂದಿದೆ. ಎಜ್ರನ ಗ್ರಂಥದ ಆಜ್ಞಾಪತ್ರದಲ್ಲಂತೂ ಕೋರೆಷನೇ ಯೆಹೋವನು ತನಗೆ ರಾಜ್ಯಗಳನ್ನು ಕೊಟ್ಟನೆಂದು ಸಾರುತ್ತಾನೆ. ಈ ಹೇಳಿಕೆಗಳ ನಡುವಣ ಬಿಕ್ಕಟ್ಟನ್ನು ಹಿಂದಿನವರೂ ಗಮನಿಸಿದ್ದರು. ಕೋರೆಷನು ಯೆಶಾಯನ ಗ್ರಂಥವನ್ನು ಓದಿ, ಅದರಂತೆ ನಡೆಯಲು ಮನಸ್ಸು ಮಾಡಿದನೆಂದು ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ತಾಲ್ಮುದ್ ಬೇರೆ ದಾರಿ ಹಿಡಿಯಿತು: ಮೆಗಿಲ್ಲಾ ಎಂಬ ಭಾಗದಲ್ಲಿ ಆ ವಾಕ್ಯವನ್ನೇ ಒಡೆದು, ದೇವರು ಅಭಿಷಿಕ್ತನ ಮುಂದೆ ಕೋರೆಷನ ಬಗೆಗೆ ದೂರು ಹೇಳುತ್ತಿದ್ದಾನೆ ಎಂದು ಅರ್ಥಮಾಡಲಾಗಿದೆ. ಅನ್ಯನೊಬ್ಬನಿಗೆ ಆ ಬಿರುದು ಸಂದದ್ದು ಎಷ್ಟು ಮುಜುಗರದ ವಿಷಯವಾಗಿತ್ತೆಂಬುದಕ್ಕೆ ಈ ವ್ಯಾಖ್ಯಾನವೇ ಸಾಕ್ಷಿ.

ಆ ಮುಜುಗರ ಸೆರೆಯ ಕಾಲದಲ್ಲೇ ಇದ್ದಂತೆ ತೋರುತ್ತದೆ. 45:9ರಿಂದ ಮುಂದೆ ಕುಂಬಾರನೊಡನೆ ವಾದಿಸುವ ಮಣ್ಣಿನ ಹೋಲಿಕೆ ಬರುತ್ತದೆ. ದಾವೀದನ ವಂಶದವನನ್ನು ಎದುರುನೋಡುತ್ತಿದ್ದವರು ಪರದೇಶಿಯಿಂದ ಬಿಡುಗಡೆಯೇ ಎಂದು ಗೊಣಗಿದ್ದಕ್ಕೆ ಪ್ರವಾದಿ ಕೊಟ್ಟ ಉತ್ತರ ಇದೆಂದು ಅನೇಕ ವ್ಯಾಖ್ಯಾನಕಾರರು ಭಾವಿಸುತ್ತಾರೆ. ಯೆಶಾಯನ ಗ್ರಂಥದ 40ರಿಂದ 55ರವರೆಗಿನ ಅಧ್ಯಾಯಗಳು ಕ್ರಿ.ಪೂ. ಎಂಟನೆಯ ಶತಮಾನದ ಯೆಶಾಯನವಲ್ಲ, ಬಾಬಿಲೋನಿನ ಸೆರೆಯ ಕೊನೆಗಾಲದ ಅನಾಮಿಕ ಪ್ರವಾದಿಯವು ಎಂಬುದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಗ್ರಂಥವೆಲ್ಲವೂ ಯೆಶಾಯನದೇ, ಕೋರೆಷನ ಹೆಸರು ಮುಂದಾಗಿ ತಿಳಿಸಿದ ಪ್ರವಾದನೆ ಎಂಬುದು ಸಾಂಪ್ರದಾಯಿಕ ನಿಲುವು. ಯಾವ ನಿಲುವನ್ನು ಹಿಡಿದರೂ ಪಠ್ಯದ ಮುಖ್ಯ ಮಾತು ಬದಲಾಗುವುದಿಲ್ಲ.

ಕೋರೆಷನ ಸಿಲಿಂಡರ್

1879ರಲ್ಲಿ ಹಾರ್ಮುಜ್ದ್ ರಸ್ಸಾಮ್ ನಡೆಸಿದ ಬಾಬಿಲೋನಿನ ಉತ್ಖನನದಲ್ಲಿ ಬೆಣೆಲಿಪಿಯಲ್ಲಿ ಬರೆದ, ಸುಮಾರು 22 ಸೆಂ.ಮೀ. ಉದ್ದದ ಸುಟ್ಟ ಜೇಡಿಮಣ್ಣಿನ ಸಿಲಿಂಡರ್ ದೊರೆಯಿತು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 2013-14ರಲ್ಲಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿಯೂ ಪ್ರದರ್ಶಿತವಾಗಿತ್ತು. ಬಾಬಿಲೋನಿನ ದೇವತೆಯಾದ ಮರ್ದೂಕನು ಧರ್ಮಿಷ್ಠ ಅರಸನಿಗಾಗಿ ನಾಡುನಾಡು ಹುಡುಕಿ, ಕೋರೆಷನ ಕೈಹಿಡಿದು, ಯುದ್ಧವಿಲ್ಲದೆ ನಗರವನ್ನು ಅವನಿಗೊಪ್ಪಿಸಿದನೆಂದು ಅದರಲ್ಲಿದೆ. ಜನರನ್ನು ಅವರವರ ನೆಲೆಗಳಿಗೆ, ದೇವತಾಮೂರ್ತಿಗಳನ್ನು ಅವುಗಳ ಗುಡಿಗಳಿಗೆ ಹಿಂದಿರುಗಿಸಿದ ವಿಷಯವೂ ಉಂಟು. ಯೆಹೂದ್ಯರ ಅಥವಾ ಯೆರೂಸಲೇಮಿನ ಹೆಸರು ಇಲ್ಲ.

ಸಿಲಿಂಡರ್ ಬೈಬಲನ್ನು ಸಮರ್ಥಿಸುತ್ತದೆಂದು ಹಲವು ಜನಪ್ರಿಯ ಪುಸ್ತಕಗಳು ಹೇಳುವುದು ಅರ್ಧ ಸತ್ಯ ಮಾತ್ರ. ಹಿಂದಿರುಗಿಸುವ ರಾಜನೀತಿ ಇತ್ತೆಂಬುದನ್ನು ಅದು ತೋರಿಸುತ್ತದೆ. ಕೋರೆಷನು ಬಾಬಿಲೋನಿನಲ್ಲಿ ಮರ್ದೂಕನ ಭಕ್ತನಾಗಿಯೇ ತನ್ನನ್ನು ತೋರಿಸಿಕೊಂಡನೆಂಬುದನ್ನೂ ತೋರಿಸುತ್ತದೆ. ಯೆಶಾಯನ ಗ್ರಂಥದ 46ನೆಯ ಅಧ್ಯಾಯವು ಹೊರೆಯಾಗಿ ಪಶುಗಳ ಮೇಲೆ ಸಾಗುವ ವಿಗ್ರಹವೆಂದು ಅಣಕಿಸುವ ‘ಬೇಲ್’ ಈ ಮರ್ದೂಕನೇ. ಒಂದೇ ವಿಜಯವನ್ನು ಎರಡು ಸಮುದಾಯಗಳು ತಮ್ಮತಮ್ಮ ದೇವರ ಕಾರ್ಯವೆಂದು ಓದಿದವು. ಆದರೆ ಪ್ರವಾದಿಯ ಮಾತಿಗೆ ಕೋರೆಷನ ಒಪ್ಪಿಗೆ ಬೇಕಾಗಿರಲಿಲ್ಲ. ಅವನು ಅರಿಯನು ಎಂಬುದನ್ನು ಅದು ಮೊದಲೇ ಒಪ್ಪಿಕೊಂಡಿದೆ.

ಶಿಕ್ಷೆಯ ಸಾಧನಗಳು

ಕೋರೆಷನು ಬಿಡುಗಡೆ ತಂದವನು. ಹಾನಿ ಮಾಡಿದವರ ವಿಷಯ ಇನ್ನೂ ಕಠಿಣವಾದುದು. ಯೆಶಾಯನ ಗ್ರಂಥದ 10ನೆಯ ಅಧ್ಯಾಯದಲ್ಲಿ ಅಶ್ಶೂರವನ್ನು ದೇವರ ಕೋಪದ ಕೋಲು ಎಂದು ಕರೆಯಲಾಗಿದೆ. ಅಶ್ಶೂರದ ಅರಸನ ಮನಸ್ಸಿನಲ್ಲಿ ಇದ್ದುದು ಜನಾಂಗಗಳನ್ನು ನಿರ್ಮೂಲಮಾಡುವ ಆಸೆ ಮಾತ್ರ. ದೇವರ ಉದ್ದೇಶ ಅವನಿಗೆ ಗೊತ್ತೇ ಇಲ್ಲ. ಕಡಿಯುವವನ ಮುಂದೆ ಕೊಡಲಿ ಜಂಬಕೊಚ್ಚುವುದುಂಟೇ ಎಂಬ ಹೋಲಿಕೆ ಅಲ್ಲಿ ಬರುತ್ತದೆ. ಕೆಲಸ ಮುಗಿದ ಮೇಲೆ ಅವನ ಗರ್ವಕ್ಕೆ ದಂಡನೆಯೂ ಉಂಟು. ಉಪಕರಣವಾಗಿದ್ದೆ ಎಂಬುದು ತಪ್ಪಿಗೆ ಸಮಜಾಯಿಷಿಯಾಗದು.

ಯೆರೆಮೀಯನ ಗ್ರಂಥ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ದೇವಾಲಯವನ್ನು ಸುಡಿಸಿದ ನೆಬೂಕದ್ನೆಚ್ಚರನನ್ನು ಅದು ಮೂರು ಕಡೆ (25:9, 27:6, 43:10) ದೇವರ ಸೇವಕನೆಂದು ಕರೆದಿದೆ. ಮೋಶೆ, ದಾವೀದರಿಗೆ ಸಲ್ಲುತ್ತಿದ್ದ ಬಿರುದು ಅದು. ಪ್ರಾಚೀನ ಗ್ರೀಕ್ ಅನುವಾದದ ಈ ಮೂರೂ ಸ್ಥಳಗಳಲ್ಲಿ ಆ ಬಿರುದು ಕಾಣಿಸುವುದಿಲ್ಲ. ಅನುವಾದಕರು ಅದನ್ನು ಕೈಬಿಟ್ಟರೋ, ಅವರ ಮುಂದಿದ್ದ ಹೀಬ್ರೂ ಪ್ರತಿಯಲ್ಲೇ ಅದು ಇರಲಿಲ್ಲವೋ ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಎಪ್ಪತ್ತು ವರ್ಷ ತುಂಬಿದ ಮೇಲೆ ಬಾಬಿಲೋನಿನ ಅರಸನಿಗೂ ದಂಡನೆ ಕಾದಿದೆಯೆಂದು ಅದೇ 25ನೆಯ ಅಧ್ಯಾಯ ಹೇಳುತ್ತದೆ.

ಈ ಬೋಧನೆಯನ್ನು ಎಲ್ಲರೂ ತಲೆಬಾಗಿ ಒಪ್ಪಲಿಲ್ಲ ಎಂಬುದಕ್ಕೆ ಹಬಕ್ಕೂಕನ ಗ್ರಂಥವೇ ಸಾಕು. ನಾಡಿನೊಳಗಿನ ಅನ್ಯಾಯದ ವಿಷಯವಾಗಿ ಪ್ರವಾದಿ ಮೊರೆಯಿಡುತ್ತಾನೆ. ಕಸ್ದೀಯರನ್ನು, ಅಂದರೆ ಬಾಬಿಲೋನಿನವರನ್ನು, ಎಬ್ಬಿಸುತ್ತೇನೆಂಬ ಉತ್ತರ ಬರುತ್ತದೆ. ಪ್ರವಾದಿಗೆ ಸಮಾಧಾನವಾಗುವುದಿಲ್ಲ. ಕೆಡುಕನ್ನು ನೋಡಲಾರದಷ್ಟು ಪರಿಶುದ್ಧನಾದವನು, ತಮಗಿಂತ ದುಷ್ಟರಾದವರು ತಮ್ಮನ್ನು ನುಂಗುವಾಗ ಸುಮ್ಮನಿರುವುದು ಹೇಗೆ ಎಂದು ಮತ್ತೆ ಕೇಳುತ್ತಾನೆ. ಈ ಪ್ರಶ್ನೆಯನ್ನು ಬೈಬಲ್ ಅಪರಾಧವೆಂದು ತಳ್ಳಿಹಾಕದೆ ಪ್ರವಾದನೆಯ ಭಾಗವಾಗಿಯೇ ಉಳಿಸಿಕೊಂಡಿರುವುದು ಗಮನಾರ್ಹ.

ಅನ್ಯರ ಬಾಯಲ್ಲಿ ದೇವರ ಮಾತು

ಇಸ್ರಾಯೇಲರನ್ನು ಶಪಿಸಲು ಮೋವಾಬಿನ ಅರಸ ಬಾಲಾಕನು ಕರೆಸಿದ ಬಿಳಾಮನು ಶಾಪದ ಬದಲು ಆಶೀರ್ವಾದವನ್ನೇ ನುಡಿದನೆಂಬ ಕಥೆ ಅರಣ್ಯಕಾಂಡದ 22ರಿಂದ 24ರವರೆಗಿನ ಅಧ್ಯಾಯಗಳಲ್ಲಿದೆ. ಅವನ ನುಡಿಗಳು ಪವಿತ್ರ ಗ್ರಂಥದಲ್ಲಿ ಉಳಿದವು. ಅವನು ಮಾತ್ರ 31ನೆಯ ಅಧ್ಯಾಯದಲ್ಲಿ ಇಸ್ರಾಯೇಲರ ಕತ್ತಿಗೆ ಬಲಿಯಾದನು. 1967ರಲ್ಲಿ ಜೋರ್ಡಾನಿನ ದೇಯ್ರ್ ಅಲ್ಲಾ ಎಂಬಲ್ಲಿ ಸಿಕ್ಕ, ಕ್ರಿ.ಪೂ. 800ರ ಸುಮಾರಿನ ಗಾರೆಯ ಮೇಲಣ ಬರಹದಲ್ಲಿ ಬೆಯೋರನ ಮಗ ಬಿಳಾಮನು ದೇವತೆಗಳ ದರ್ಶಕನಾಗಿ ಕಾಣಿಸಿಕೊಂಡಿರುವುದರಿಂದ, ಇಸ್ರಾಯೇಲಿನ ಹೊರಗೂ ಅವನಿಗೆ ಹೆಸರಿತ್ತೆಂದು ತಿಳಿಯುತ್ತದೆ.

ಇದಕ್ಕಿಂತ ಕಡಮೆ ಪರಿಚಿತವಾದ ಪ್ರಸಂಗ ಫರೋಹ ನೆಕೋವಿನದು (2 ಪೂರ್ವಕಾಲವೃತ್ತಾಂತ 35). ಕ್ರಿ.ಪೂ. 609ರಲ್ಲಿ ಯೂಫ್ರೇಟೀಸ್ ನದಿಯ ಕಡೆಗೆ ದಂಡೆತ್ತಿ ಹೋಗುತ್ತಿದ್ದ ನೆಕೋ, ತನಗೆ ದೇವರ ಅಪ್ಪಣೆಯಾಗಿದೆ, ಅಡ್ಡಬರಬೇಡ ಎಂದು ಯೆಹೂದದ ಅರಸ ಯೋಷೀಯನಿಗೆ ಹೇಳಿಕಳುಹಿಸಿದನು. ಯೋಷೀಯನು ಕೇಳದೆ ಮೆಗಿದ್ದೋ ಬಯಲಿನಲ್ಲಿ ಕಾದಾಡಿ ಮಾರಕವಾಗಿ ಗಾಯಗೊಂಡು ಸತ್ತನು. ನೆಕೋವಿನ ಮಾತು ನಿಜವಾಗಿಯೂ ದೇವರ ಬಾಯಿಂದ ಬಂದದ್ದೆಂದು ಗ್ರಂಥಕರ್ತನೇ ಹೇಳುತ್ತಾನೆ. ವಿಗ್ರಹಗಳನ್ನು ಒಡೆಸಿ ಧರ್ಮಸುಧಾರಣೆ ಮಾಡಿದ, ಯೆಹೂದದ ಅತ್ಯಂತ ನಿಷ್ಠಾವಂತ ದೊರೆಗಳಲ್ಲೊಬ್ಬನು, ಅನ್ಯನ ಬಾಯಲ್ಲಿ ಬಂದ ದೇವರ ಮಾತನ್ನು ಗುರುತಿಸಲಾರದೆ ಪ್ರಾಣ ಕಳೆದುಕೊಂಡನು. ಇದೇ ಯುದ್ಧವನ್ನು ತಿಳಿಸುವ ಅರಸುಗಳ ಎರಡನೆಯ ಗ್ರಂಥದಲ್ಲಿ (23:29) ನೆಕೋವಿನ ಎಚ್ಚರಿಕೆಯ ಪ್ರಸ್ತಾಪವಿಲ್ಲ.

ಹೊಸ ಒಡಂಬಡಿಕೆಯಲ್ಲಿ

ಲೂಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಎರಡು ಹಳೆಯ ಕಥೆಗಳನ್ನು ನೆನಪಿಸುತ್ತಾನೆ. ಬರಗಾಲದಲ್ಲಿ ಎಲೀಯನಿಗೆ ಆಶ್ರಯ ದೊರೆತದ್ದು ಚೀದೋನ್ ಸೀಮೆಯ ವಿಧವೆಯ ಮನೆಯಲ್ಲಿ. ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾದದ್ದು ಅರಾಮ್ಯನಾದ ನಾಮಾನನಿಗೆ. ಕೇಳಿದವರು ರೊಚ್ಚಿಗೆದ್ದು ಆತನನ್ನು ಊರ ಹೊರಗಣ ಗುಡ್ಡದಿಂದ ದೊಬ್ಬಲು ಹೋದರೆಂದು ಲೂಕನು ಬರೆಯುತ್ತಾನೆ. ವಿಷಯ ಎಷ್ಟು ಸೂಕ್ಷ್ಮವಾದುದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಔಗುಸ್ತನ ಜನಗಣತಿಯ ಆಜ್ಞೆಯಿಂದ ಯೇಸುವಿನ ಜನನ ಬೇತ್ಲೆಹೇಮಿನಲ್ಲಾಗುವುದು, ಹೆರೋದ ಹಾಗೂ ಪಿಲಾತರು ದೇವರು ಮೊದಲೇ ನಿರ್ಣಯಿಸಿದ್ದನ್ನೇ ನಡೆಸಿದರೆಂಬ ಅಪೊಸ್ತಲರ ಪ್ರಾರ್ಥನೆ (ಅಪೊಸ್ತಲರ ಕೃತ್ಯಗಳು 4:27-28) ಇವೂ ಇದೇ ಸಾಲಿನವು. ಮತ್ತಾಯ 7:21-23 ಇದರ ಮಗ್ಗುಲನ್ನು ತಿರುಗಿಸಿ ತೋರಿಸುತ್ತದೆ. ಯೇಸುವಿನ ಹೆಸರಿನಲ್ಲೇ ಪ್ರವಾದಿಸಿ ಮಹತ್ಕಾರ್ಯಗಳನ್ನು ಮಾಡಿದವರನ್ನೂ ಆತನು ಅರಿಯೆನೆಂದು ದೂರ ಕಳುಹಿಸುವನು.

ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಪೌಲನು ಅಧಿಕಾರಿಯನ್ನು ದೇವರ ಸೇವಕನೆಂದು ಕರೆದಾಗ ರೋಮಿನ ಸಿಂಹಾಸನದ ಮೇಲಿದ್ದವನು ನೀರೋ. ಈ ಭಾಗವನ್ನು ದಬ್ಬಾಳಿಕೆಯ ಸರ್ಕಾರಗಳ ಸಮರ್ಥನೆಗೆ ಬಳಸಿದ್ದುಂಟು. ದಕ್ಷಿಣ ಆಫ್ರಿಕಾದ ಕ್ರೈಸ್ತ ಚಿಂತಕರು 1985ರಲ್ಲಿ ಹೊರಡಿಸಿದ ‘ಕೈರೋಸ್ ದಸ್ತಾವೇಜು’ ವರ್ಣಭೇದ ನೀತಿಯ ಪರವಾದ ಅಂಥ ಬಳಕೆಯನ್ನು ನೇರವಾಗಿ ಖಂಡಿಸಿತು.

ನಂತರದ ಚಿಂತನೆ

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಕೃಪೆಯನ್ನು ಎರಡಾಗಿ ವಿಂಗಡಿಸಿದನು: ಪಡೆದವನನ್ನೇ ದೇವರಿಗೆ ಮೆಚ್ಚುಗೆಯಾಗುವಂತೆ ಮಾಡುವ ಕೃಪೆ, ಮತ್ತು ಇತರರ ಹಿತಕ್ಕಾಗಿ ಒಬ್ಬನಿಗೆ ಕೊಡಲಾಗುವ ಕೃಪೆ. ಪ್ರವಾದನೆ ಎರಡನೆಯ ಬಗೆಗೆ ಸೇರಿದ್ದು. ಆದುದರಿಂದ ಸದಾಚಾರವಿಲ್ಲದವನಲ್ಲೂ ಅದು ಇರಬಹುದು. ಸತ್ಯವು ಎಲ್ಲಿ ಕಂಡರೂ ತಿರಸ್ಕರಿಸುವುದು ಪವಿತ್ರಾತ್ಮನನ್ನೇ ಅವಮಾನಿಸಿದಂತೆ ಎಂಬ ನಿಲುವಿನಿಂದ ಜಾನ್ ಕ್ಯಾಲ್ವಿನ್ ಕ್ರೈಸ್ತರಲ್ಲದ ಪ್ರಾಚೀನ ಲೇಖಕರ ಕಾನೂನು, ವೈದ್ಯ, ತತ್ತ್ವಶಾಸ್ತ್ರಗಳನ್ನು ಗೌರವಿಸಿದನು. ಈ ಚಿಂತನೆ ‘ಸಾಮಾನ್ಯ ಕೃಪೆ’ ಎಂಬ ಸಿದ್ಧಾಂತವಾಗಿ ಬೆಳೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ವ್ಯಕ್ತಿಗಳಿಂದ ಧರ್ಮಗಳ ಕಡೆಗೆ ಹೊರಳಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಚರ್ಚು ತಿರಸ್ಕರಿಸುವುದಿಲ್ಲವೆಂದು ಸಾರಿತು. ಪ್ರೊಟೆಸ್ಟೆಂಟ್ ವಲಯದಲ್ಲಿ ಈ ಚರ್ಚೆಯ ಮುಂಚೂಣಿಯಲ್ಲಿದ್ದವರು ಕಾರ್ಕಳದಲ್ಲಿ ಜನಿಸಿದ ಸ್ಟ್ಯಾನ್ಲಿ ಸಮರ್ಥ. 1971ರಲ್ಲಿ ಆರಂಭವಾದ ವಿಶ್ವ ಚರ್ಚುಗಳ ಮಂಡಳಿಯ ಅಂತರಧರ್ಮೀಯ ಸಂವಾದ ವಿಭಾಗಕ್ಕೆ ಅವರೇ ಮೊದಲ ನಿರ್ದೇಶಕರು. ಇತರ ಧರ್ಮಗಳಲ್ಲಿ ದೇವರ ಕಾರ್ಯವನ್ನು ಒಪ್ಪಿದರೆ ಕ್ರಿಸ್ತನ ಅನನ್ಯತೆಗೆ ಚ್ಯುತಿ ಬರುತ್ತದೆಂದು ಅವರನ್ನು ವಿರೋಧಿಸಿದವರೂ ಇದ್ದರು. ಆದರೆ ಕೋರೆಷನ ವೃತ್ತಾಂತವೊಂದರಿಂದಲೇ ಈ ವಾದವನ್ನು ಯಾವ ಕಡೆಗೂ ತೀರ್ಮಾನಿಸಲಾಗದು. ಅದು ಪರ್ಷಿಯನ್ನರ ಧರ್ಮದ ವಿಷಯವಾಗಿ ಏನನ್ನೂ ಹೇಳುವುದಿಲ್ಲ.

ರಾಜಕೀಯದಲ್ಲಿ ಕೋರೆಷನ ಹೆಸರು

1948ರಲ್ಲಿ ಇಸ್ರೇಲ್ ರಾಷ್ಟ್ರಕ್ಕೆ ಮಾನ್ಯತೆ ನೀಡಿದ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್, ಅಧಿಕಾರ ಬಿಟ್ಟ ಮೇಲೆ ತನ್ನನ್ನು ತಾನೇ ಕೋರೆಷನೆಂದು ಕರೆದುಕೊಂಡನೆಂದು ಹೇಳಲಾಗುತ್ತದೆ. ಅವನು ಬ್ಯಾಪ್ಟಿಸ್ಟ್ ಕ್ರೈಸ್ತನಾಗಿದ್ದುದರಿಂದ ಹೋಲಿಕೆ ಪೂರ್ತಿ ಹೊಂದುವುದಿಲ್ಲ. 2016ರ ಚುನಾವಣೆಯ ಕಾಲದಿಂದ ಅಮೆರಿಕದ ಕೆಲವು ಇವ್ಯಾಂಜೆಲಿಕಲ್ ಬೋಧಕರು ಡೊನಾಲ್ಡ್ ಟ್ರಂಪ್‌ರನ್ನು ಇದೇ ಹೆಸರಿನಿಂದ ಸಮರ್ಥಿಸಿದರು: ನಡತೆ ಹೇಗಿದ್ದರೂ ದೇವರು ಬಳಸಿಕೊಳ್ಳಬಲ್ಲನು ಎಂಬುದು ಅವರ ವಾದ. 2018ರ ಮಾರ್ಚ್‌ನಲ್ಲಿ ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಶ್ವೇತಭವನದಲ್ಲಿ ಟ್ರಂಪ್‌ರನ್ನು ಕೋರೆಷನೊಡನೆ ಹೋಲಿಸಿದರು. ಅದೇ ವರ್ಷ ಇಸ್ರೇಲಿನ ಒಂದು ಸಂಸ್ಥೆ ಇಬ್ಬರ ಮುಖಗಳನ್ನೂ ಅಚ್ಚೊತ್ತಿದ ಸ್ಮಾರಕ ನಾಣ್ಯವನ್ನು ಹೊರತಂದಿತು. ಇದನ್ನು ಟೀಕಿಸುವ ಕ್ರೈಸ್ತ ವಿದ್ವಾಂಸರು ಯೆಶಾಯನ ಗ್ರಂಥದ 45ನೆಯ ಅಧ್ಯಾಯದ ಪಕ್ಕದಲ್ಲಿ 10ನೆಯ ಅಧ್ಯಾಯವನ್ನೂ ಇಟ್ಟು ಓದಬೇಕೆನ್ನುತ್ತಾರೆ. ಸೆರೆಯಲ್ಲಿದ್ದ ಯೆಹೂದ್ಯರಿಗೆ ಕೋರೆಷನನ್ನು ಆರಿಸುವ ಅಥವಾ ನಿರಾಕರಿಸುವ ಅಧಿಕಾರ ಇರಲಿಲ್ಲವೆಂಬುದನ್ನೂ ಈ ಹೋಲಿಕೆ ಮರೆಯುತ್ತದೆ.