ಸೈಕಲ್ ಬಿಲ್ಲೆಯಿಂದ ಸೈಲೆನ್ಸರ್‌ವರೆಗೆ

ರಸ್ತೆ ಬದಿಯಲ್ಲಿ ಪೊಲೀಸರು ಕೈ ಅಡ್ಡ ಹಾಕೋದು ಬೈಕಿನ ಜತೆಗೇ ಹುಟ್ಟಿದ ರೂಢಿ ಅಂದುಕೊಂಡಿದ್ದೀರಾ? ಅಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಕೇಳಿ ನೋಡಿ, ಸೈಕಲ್ ಬಿಲ್ಲೆಯ ಕಥೆ ಹೇಳ್ತಾರೆ. ಸೈಕಲ್ಲಿಗೂ ಪುರಸಭೆಗೆ ಕಂದಾಯ ಕಟ್ಟಬೇಕಿತ್ತು. ಕಟ್ಟಿದವರಿಗೆ ಲೋಹದ ಒಂದು ಬಿಲ್ಲೆ. ಬಿಲ್ಲೆ ಇಲ್ಲ ಅಂದ್ರೆ ದಂಡ. ಕತ್ತಲಾದ ಮೇಲೆ ದೀಪ ಇಲ್ಲ ಅಂದ್ರೆ ದಂಡ. ಡಬಲ್ ರೈಡ್ ಸಿಕ್ಕಿಬಿದ್ದರೆ ಚಕ್ರದ ಗಾಳಿಯೇ ಹೋಗ್ತಿತ್ತು. ಪೊಲೀಸಪ್ಪನ ಟೋಪಿ ದೂರದಲ್ಲಿ ಕಂಡ ಕೂಡಲೇ ಹಿಂದೆ ಕೂತವನು ಇಳಿದು, ಏನೂ ಗೊತ್ತಿಲ್ಲದವನ ಥರ ನಡೆದು ಹೋಗ್ತಿದ್ದ. ಇವತ್ತು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗಿ, ಸರ್ಕಲ್ ಹತ್ತಿರ ಬಂದಾಗ ಮಾತ್ರ ತಲೆಗೆ ಏರಿಸ್ತಾರಲ್ಲ, ಅವರು ಅದೇ ವಂಶದ ಮೊಮ್ಮಕ್ಕಳು.

ಈ ಕಥೆಯನ್ನು ಬೆಂಗಳೂರಿನಿಂದ ಅಲ್ಲ, ಹೊನ್ನವಳ್ಳಿಯಿಂದ ನೋಡಬೇಕು ಅನ್ನೋದು ನನ್ನ ವಾದ. ಯಾಕೆ ಅಂದ್ರೆ, ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದ ಊರು ಇದು. 1880ರ ದಶಕದಲ್ಲಿ ರೈಲು ಬಂತು. ಆದರೆ ಹಳಿ ಹೊನ್ನವಳ್ಳಿಗೆ ಬರಲಿಲ್ಲ, ತಿಪಟೂರಿಗೆ ಬಂತು. ಕಚೇರಿ, ವ್ಯಾಪಾರ, ಕೊಬ್ಬರಿ ಮಂಡಿ ಎಲ್ಲ ಹಳಿಯ ಹಿಂದೆ ಹೋದವು. ಊರಿಗೆ ಉಳಿದದ್ದು ‘ಹೊನ್ನವಳ್ಳಿ ರೋಡ್’ ಅನ್ನೋ ಹೆಸರಿನ ಒಂದು ಸ್ಟೇಷನ್ನು, ಅದೂ ಊರಿನಿಂದ ದೂರದಲ್ಲಿ. ಬಿ.ಎಚ್. ರಸ್ತೆಯೂ ತಿಪಟೂರನ್ನೇ ಹಿಡಿಯಿತು. ಇಂಥ ಊರಿನಲ್ಲಿ ಬೈಕು ಶೋಕಿಯಲ್ಲ. ಆಸ್ಪತ್ರೆಗೆ, ಎಪಿಎಂಸಿಗೆ, ಬ್ಯಾಂಕಿಗೆ, ಕೋರ್ಟಿಗೆ ಹೋಗೋ ಕಾಲು ಅದು. ಆ ಕಾಲನ್ನು ದಾರಿಯಲ್ಲಿ ಯಾರಾದರೂ ಹಿಡಿದು ನಿಲ್ಲಿಸಿದರೆ ಏನಾಗುತ್ತೆ ಅನ್ನೋದು ತೋಟದ ಸಾಲಿನವರಿಗೆ ಗೊತ್ತು.

ಶಬ್ದದ ಹುಚ್ಚು ಹಿಡಿಸಿದ್ದು ಮಾತ್ರ ನಮ್ಮದೇ ಮೈಸೂರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಗಾಡಿ ಹೊರಬಿಡೋಕೆ ಶುರು ಮಾಡಿತು. ಫಾರೂಖ್ ಇರಾನಿ ಅವರ ಸಾಹಸ, ಚೆಕೊಸ್ಲೊವಾಕಿಯಾದ ತಂತ್ರಜ್ಞಾನ. 1973ರಿಂದ ಅದೇ ಗಾಡಿ ಯೆಜ್ಡಿ ಆಯ್ತು. ಎರಡೂ ಪಕ್ಕಕ್ಕೆ ಒಂದೊಂದು ಸೈಲೆನ್ಸರ್, ಟೂ ಸ್ಟ್ರೋಕ್ ಇಂಜಿನ್. ಮಲೆನಾಡಿನ ಪ್ಲಾಂಟರು, ನಮ್ಮ ಕಡೆಯ ತೋಟದ ಗೌಡರು ಅದರ ಸದ್ದಿನಿಂದಲೇ ಗುರುತಾಗ್ತಿದ್ದರು. ಗೌಡರು ಬಂದರು ಅಂತ ಮನೆಯವರು ಒಲೆ ಮೇಲೆ ಕಾಫಿಗೆ ಇಡ್ತಿದ್ದದ್ದು ಆ ಸದ್ದು ಕೇಳಿಯೇ. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ, ಹನ್ನೊಂದು ಅಶ್ವಶಕ್ತಿ. ಇಷ್ಟು ಹಗುರ ಗಾಡಿಗೆ ಇಷ್ಟು ಜೋರು ಯಾರೂ ಕಂಡಿರಲಿಲ್ಲ.

ಇಲ್ಲಿ ಸ್ವಲ್ಪ ಗ್ಯಾರೇಜಿನ ಒಳಗೆ ಹೋಗೋಣ. ಟೂ ಸ್ಟ್ರೋಕ್ ಇಂಜಿನ್ನು ಪೆಟ್ರೋಲ್ ಜತೆ ಆಯಿಲನ್ನೂ ಸುಡುತ್ತೆ. ಆ ಮಸಿ ಸೈಲೆನ್ಸರ್ ಒಳಗಿನ ಬ್ಯಾಫಲ್ ಅನ್ನೋ ತೂತಿನ ಕೊಳವೆಗೆ ಮೆತ್ತಿಕೊಳ್ಳುತ್ತೆ. ಆಗಾಗ ಅದನ್ನು ಎಳೆದು, ಬೆಂಕಿಗೆ ಹಿಡಿದು, ಮಸಿ ಸುಟ್ಟು, ಮತ್ತೆ ಹಾಕಬೇಕು. ಎಳೆದದ್ದನ್ನು ಮತ್ತೆ ಹಾಕದೇ ಹೋದ್ರೆ? ಅಲ್ಲೇ ಹುಟ್ಟಿದ್ದು ನಮ್ಮ ಹಳ್ಳಿಗಳ ಮೊದಲ ಆಲ್ಟರೇಷನ್. ಒಂದು ಸ್ಕ್ರೂ ಬಿಚ್ಚೋ ಕೆಲಸ, ಖರ್ಚು ಸೊನ್ನೆ. ಯೆಜ್ಡಿ, ಆರ್‌ಎಕ್ಸ್ 100 ಎರಡರ ತಯಾರಿಕೆಯೂ 1996ರಲ್ಲಿ ನಿಂತಿತು. ಹುಚ್ಚು ನಿಲ್ಲಲಿಲ್ಲ. ಅದು ಬುಲೆಟ್ಟಿಗೆ ಹಾರಿತು. ಇಂದೋರಿ, ಪಂಜಾಬಿ, ಶಾರ್ಟ್ ಬಾಟಲ್ ಅಂತ ನೂರೆಂಟು ಹೆಸರಿನ ಸೈಲೆನ್ಸರ್‌ಗಳು ಅಂಗಡಿಯಲ್ಲಿ ಬಹಿರಂಗವಾಗಿ ನೇತಾಡ್ತವೆ. ಇನ್ನು ಪಟಾಕಿ ಸದ್ದು: ಓಡ್ತಿರೋ ಗಾಡಿಯ ಕೀ ಆಫ್ ಮಾಡಿ ಆನ್ ಮಾಡ್ತಾರೆ, ಸುಡದ ಪೆಟ್ರೋಲ್ ಕಾದ ಸೈಲೆನ್ಸರ್‌ಗೆ ನುಗ್ಗಿ ಅಲ್ಲಿ ಸಿಡಿಯುತ್ತೆ. ಪಕ್ಕದ ಮನೆಯಲ್ಲಿ ಹೃದ್ರೋಗಿ ಇದ್ದಾನೋ ತೊಟ್ಟಿಲ ಕೂಸು ಇದೆಯೋ, ಆ ಹುಡುಗನಿಗೆ ಬೇಕಿಲ್ಲ.

ಕಾನೂನು ಏನನ್ನುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, 2000ದ ತಿದ್ದುಪಡಿ ಆದ ಮೇಲೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬೇಡಿ ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಶಬ್ದಕ್ಕೂ ಲೆಕ್ಕ ಇದೆ: ತಯಾರಾಗುವ ಹಂತದಲ್ಲಿ 80ರಿಂದ 175 ಸಿಸಿವರೆಗಿನ ಬೈಕಿಗೆ 77 ಡೆಸಿಬೆಲ್, ಅದಕ್ಕಿಂತ ದೊಡ್ಡದಕ್ಕೆ 80. ಹತ್ತು ಡೆಸಿಬೆಲ್ ಜಾಸ್ತಿ ಅಂದ್ರೆ ಶಬ್ದದ ಶಕ್ತಿ ಹತ್ತು ಪಟ್ಟು! ಆದರೆ ಹಳ್ಳಿ ರಸ್ತೆಯಲ್ಲಿ ಇದನ್ನು ಅಳೆಯೋರು ಯಾರು? ಅಲ್ಲಿ ಪೊಲೀಸರ ಕಿವಿಯೇ ಮೀಟರು.

ಐದು ಸಾವಿರ ಅಂದ್ರೆ ಎಷ್ಟು? ಸ್ಟುಡಿಯೋದಲ್ಲಿ ಕೂತು ಹೇಳೋಕೆ ಅದೊಂದು ಸಂಖ್ಯೆ. ಹೊನ್ನವಳ್ಳಿ ಲೆಕ್ಕದಲ್ಲಿ ಹೇಳ್ತೀನಿ ಕೇಳಿ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಅಂದ್ರೆ ಒಂದು ಸೈಲೆನ್ಸರ್ ದಂಡಕ್ಕೆ ನಲವತ್ತು ಕೆ.ಜಿ.ಗೂ ಮೇಲೆ ಕೊಬ್ಬರಿ. ಆ ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ಕಾಯೊಳಗೆ ಗಡಗಡ ಅಂತ ಅಲ್ಲಾಡಿದ ಮೇಲೆ ಸುಲಿದದ್ದು. ಮಗ ತಂದ ಸದ್ದಿಗೆ ಅಪ್ಪನ ಅಟ್ಟ ಬರಿದು. ಹಾಗಂತ ದಂಡ ಬೇಡ ಅಂತ ನಾನು ಹೇಳ್ತಿಲ್ಲ. ಮಗನಿಗೆ ಈ ಲೆಕ್ಕ ತಿಳಿದಿರಲಿ ಅಂತಿದ್ದೀನಿ.

ಈಗ ತಪಾಸಣೆಯ ಇನ್ನೊಂದು ಮುಖ. 2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದು ಮರೆಯೋ ವಿಷಯವಲ್ಲ. ನಾಯಿ ಕಚ್ಚಿದ ಪುಟ್ಟ ಮಗುವನ್ನು ಬೈಕಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಅಪ್ಪ ಅಮ್ಮನನ್ನು ಸಂಚಾರ ಪೊಲೀಸರು ತಡೆದರು. ಗಾಡಿ ಬಿತ್ತು, ಮಗು ಲಾರಿಯ ಅಡಿಗೆ ಹೋಯಿತು. ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಗಾಡಿ ನಿಲ್ಲಿಸಬೇಡಿ, ಏಕಾಏಕಿ ಅಡ್ಡ ನುಗ್ಗಬೇಡಿ, ಕೀ ಕಿತ್ತುಕೊಳ್ಳಬೇಡಿ. ಇದನ್ನೆಲ್ಲ ಹೇಳೋಕೆ ಒಂದು ಕೂಸು ಹೋಗಬೇಕಿತ್ತಾ? ಕೇಳಬಾರದ ಪ್ರಶ್ನೆಯೇನಲ್ಲ ಇದು.

ಪೊಲೀಸರು ಹಿಂದೆ ಸರಿದರೆ ಏನಾಗುತ್ತೆ ಅನ್ನೋದಕ್ಕೂ ನಮ್ಮದೇ ದಾರಿಯಲ್ಲಿ ಉದಾಹರಣೆ ಇದೆ. 2024ರ ಆಗಸ್ಟಿನಲ್ಲಿ ನೆಲಮಂಗಲದ ಹತ್ತಿರ, ತುಮಕೂರು ಹೆದ್ದಾರಿಯಲ್ಲಿ ವೀಲಿಂಗ್ ಮಾಡ್ತಿದ್ದವರ ಎರಡು ಸ್ಕೂಟರ್‌ಗಳನ್ನು ರೊಚ್ಚಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ವಿಡಿಯೋ ನೋಡಿ ಚಪ್ಪಾಳೆ ತಟ್ಟಿದವರೇ ಹೆಚ್ಚು. ಕೆಳಗಿನ ರಸ್ತೆಯಲ್ಲಿ ಯಾರಾದರೂ ಹೋಗ್ತಿದ್ದಿದ್ದರೆ? ನನಗಂತೂ ಚಪ್ಪಾಳೆ ತಟ್ಟೋಕೆ ಕೈ ಬರಲಿಲ್ಲ. ಖಾಕಿ ಹಾಕಿದವನಿಗೆ ರಸೀದಿ ಕೇಳಬಹುದು, ಗುಂಪಿಗೆ ಏನು ಕೇಳ್ತೀರಿ?

ಬೈಕಿನವರಿಗೆ ಎರಡು ಮಾತು. ಯೂನಿಫಾರ್ಮ್‌ನಲ್ಲಿರೋ ಪೊಲೀಸರು ಲೈಸೆನ್ಸ್ ಕೇಳಿದ್ರೆ ತೋರಿಸಲೇಬೇಕು, 130ನೇ ಸೆಕ್ಷನ್ ಇರೋದೇ ಅದಕ್ಕೆ. ಮೊಬೈಲಿನ ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತೆ. ದಂಡ ಕಟ್ಟಿದ್ರೆ ರಸೀದಿ ಇಲ್ಲದೆ ಜಾಗ ಬಿಡಬೇಡಿ.

ಸೈಲೆನ್ಸರ್ ಕಥೆ ಎಲ್ಲಿಗೆ ಬಂತು ಅಂದ್ರೆ, ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸ್ತಾರೆ. ಟಿವಿಗೆ ಒಳ್ಳೇ ದೃಶ್ಯ, ನಾವೂ ತೋರಿಸ್ತೀವಿ. ಆದರೆ ಗಾಡಿಗೆ ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸೋಕೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕಲ್ಲ? ಅದಕ್ಕೇ ಕೆಎ 44ರ ಜಾಣರು ಕಂಪನಿಯ ಹಳೇ ಸೈಲೆನ್ಸರನ್ನು ಎಸೆಯೋದಿಲ್ಲ. ಗೋಣಿಚೀಲ ಸುತ್ತಿ, ಅಟ್ಟದ ಮೇಲೆ, ಕೊಬ್ಬರಿ ಪಕ್ಕದಲ್ಲೇ ಇಟ್ಟಿರ್ತಾರೆ.