ಮೊದಲ ಚಿಕಿತ್ಸೆ ಯಾರಿಗೆ?

ನೋವಿನಲ್ಲಿರುವವರನ್ನು ಕಂಡು ಮರುಗುವುದು ಮನುಷ್ಯನಿಗೆ ಸಹಜವಾದ ಗುಣ. ಆದರೆ ಒಂದೇ ಗಳಿಗೆಯಲ್ಲಿ ನೂರು ಮಂದಿ ನರಳುತ್ತಿದ್ದು, ಚಿಕಿತ್ಸೆ ನೀಡಬಲ್ಲವನು ಒಬ್ಬನೇ ಇರುವಾಗ ಆತನು ಮೊದಲು ಯಾರ ಬಳಿಗೆ ಹೋಗಬೇಕು? ಸಿರಿವಂತನ ಬಳಿಗೋ, ಅಧಿಕಾರಿಯ ಬಳಿಗೋ, ಗಟ್ಟಿಯಾಗಿ ಕೂಗುವವನ ಬಳಿಗೋ? ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ದಿನವೂ ಎದುರಿಸುವ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು ದೊರೆತದ್ದು ಇನ್ನೂರು ವರ್ಷಗಳ ಹಿಂದೆ, ಯೂರೋಪಿನ ರಣರಂಗದಲ್ಲಿ. ಆ ಉತ್ತರವನ್ನು ಕೊಟ್ಟವನು ಫ್ರೆಂಚ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಝಾನ್ ಲಾರೆ.

ಲಾರೆಯು ಜನಿಸಿದ್ದು 1766ರಲ್ಲಿ, ಪಿರೆನೀಸ್ ಪರ್ವತದ ತಪ್ಪಲಿನ ಒಂದು ಸಣ್ಣ ಹಳ್ಳಿಯಲ್ಲಿ. ತಂದೆ ಪಾದರಕ್ಷೆ ಹೊಲಿದು ಬದುಕುತ್ತಿದ್ದವನು. ಹದಿಮೂರನೆಯ ವಯಸ್ಸಿಗೆ ಅನಾಥನಾದ ಬಾಲಕನನ್ನು ಟೂಲೂಸ್ ನಗರದಲ್ಲಿ ಶಸ್ತ್ರವೈದ್ಯನಾಗಿದ್ದ ತಂದೆಯ ಸಹೋದರನು ಕರೆದುಕೊಂಡು ಸಾಕಿದನು. ಆತನ ಕೈಕೆಳಗೇ ಹಲವು ವರ್ಷ ವಿದ್ಯೆ ಕಲಿತ ಲಾರೆ, ಕೆಲಕಾಲ ನೌಕಾದಳದ ವೈದ್ಯನಾಗಿ ನ್ಯೂಫೌಂಡ್‌ಲೆಂಡಿನವರೆಗೆ ಹಡಗಿನಲ್ಲಿ ಸಂಚರಿಸಿ, ಪ್ಯಾರಿಸ್ಸಿನಲ್ಲಿ ಅಂದಿನ ಪ್ರಸಿದ್ಧ ಶಸ್ತ್ರವೈದ್ಯ ದೆಸೋನ ಶಿಷ್ಯನಾದನು. ಕುಲದ ಹಿರಿಮೆಯಾಗಲಿ ಹಣದ ಬಲವಾಗಲಿ ಇಲ್ಲದೆ ಮೇಲೆ ಬಂದವನಿಗೆ ಪದವಿಯನ್ನು ನೋಡದೆ ಗಾಯವನ್ನು ಮಾತ್ರ ನೋಡುವ ದೃಷ್ಟಿ ಒದಗಿದುದು ಆಶ್ಚರ್ಯವಲ್ಲ.

1792ರಲ್ಲಿ ಆತನು ರೈನ್ ನದಿಯ ಕಡೆಯ ಸೈನ್ಯವನ್ನು ಸೇರಿದನು. ಅಂದಿನ ನಿಯಮದಂತೆ ಚಿಕಿತ್ಸೆಯ ಬಂಡಿಗಳು ರಣರಂಗದಿಂದ ಸುಮಾರು ಒಂದು ಹರದಾರಿ ಹಿಂದೆ ನಿಲ್ಲಬೇಕಾಗಿತ್ತು. ಯುದ್ಧ ಮುಗಿದ ನಂತರವೇ ಗಾಯಾಳುಗಳನ್ನು ಹುಡುಕುವ ಕೆಲಸ. ಅಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದುಹೋಗುತ್ತಿತ್ತು. ರಕ್ತಸ್ರಾವದಿಂದ ಕೆಲವರು, ಗಾಯ ಕೊಳೆತು ಕೆಲವರು ಸಾಯುತ್ತಿದ್ದರು. ಅಧಿಕಾರಿಗಳನ್ನು ಹೊತ್ತೊಯ್ಯಲು ಜನರಿರುತ್ತಿದ್ದರು. ಸಾಮಾನ್ಯ ಸಿಪಾಯಿಯು ಬಿದ್ದಲ್ಲಿಯೇ ಬಿದ್ದಿರುತ್ತಿದ್ದನು.

ವೈದ್ಯರಲ್ಲಿ ದಯೆ ಇರಲಿಲ್ಲವೆಂದಲ್ಲ. ದಯೆಯು ಗಾಯಾಳುವಿನ ಬಳಿಗೆ ಹೊತ್ತಿಗೆ ಸರಿಯಾಗಿ ತಲುಪುವ ಏರ್ಪಾಡು ಇರಲಿಲ್ಲ. ಲಾರೆಯ ಹಿರಿಮೆಯು ಇದನ್ನು ಗುರುತಿಸಿದುದರಲ್ಲಿದೆ. ಕುದುರೆಗಳು ಎಳೆಯುವ ಹಗುರವಾದ ಫಿರಂಗಿಗಳು ರಣರಂಗದಲ್ಲಿ ಅತ್ತಿಂದಿತ್ತ ಧಾವಿಸುವುದನ್ನು ಆತನು ಕಂಡನು. ಕೊಲ್ಲುವ ಸಾಧನಕ್ಕೆ ಇರುವ ವೇಗವು ಬದುಕಿಸುವ ಸಾಧನಕ್ಕೆ ಏಕಿರಬಾರದು? ಹೀಗೆ ಹುಟ್ಟಿದುದೇ ಆತನ 'ಹಾರುವ ಆಂಬುಲೆನ್ಸ್'. ಸಮತಟ್ಟಾದ ನೆಲಕ್ಕೆ ಎರಡು ಚಕ್ರದ ಗಾಡಿ, ಏರುತಗ್ಗುಗಳಿಗೆ ನಾಲ್ಕು ಚಕ್ರದ ಗಾಡಿ. ಒಳಗೆ ಮೆತ್ತೆ, ಜೊತೆಗೆ ಶಸ್ತ್ರವೈದ್ಯರು, ಸಹಾಯಕರು, ಬಟ್ಟೆಪಟ್ಟಿಗಳು. 1797ರಲ್ಲಿ ಇಟಲಿಯಲ್ಲಿ ಈ ದಳವು ಪೂರ್ಣರೂಪ ಪಡೆಯಿತು. ಮುಂದೆ ಈಜಿಪ್ಟಿನ ಮರಳುಗಾಡಿನಲ್ಲಿ ಗಾಡಿಗಳು ನಡೆಯದಾದಾಗ, ಒಂಟೆಗಳ ಎರಡು ಪಕ್ಕಗಳಿಗೂ ಪೆಟ್ಟಿಗೆಗಳನ್ನು ಕಟ್ಟಿಸಿ ಗಾಯಾಳುಗಳನ್ನು ಸಾಗಿಸಿದನು.

ಗಾಡಿಗಿಂತಲೂ ದೊಡ್ಡದು ಆತನು ಪಾಲಿಸಿದ ಕ್ರಮ. ಯಾರ ಗಾಯವು ಅತ್ಯಂತ ಅಪಾಯಕರವೋ ಅವರಿಗೆ ಮೊದಲು. ಪದವಿ, ಬಿರುದುಗಳ ಗಣನೆಯಿಲ್ಲ. ಕಡಿಮೆ ಪೆಟ್ಟು ತಿಂದವರು, ಅವರು ಯಾರೇ ಆಗಿರಲಿ, ಕಾಯಬೇಕು. ಶತ್ರುಸೈನ್ಯದ ಗಾಯಾಳುಗಳಿಗೂ ಆತನು ಚಿಕಿತ್ಸೆ ಮಾಡುತ್ತಿದ್ದನು. 1812ರಲ್ಲಿ ರಷ್ಯಾದ ಬೊರೊಡಿನೊ ಕದನದಲ್ಲಿ ಒಂದು ಹಗಲು ರಾತ್ರಿಯಲ್ಲಿ ಸುಮಾರು 200 ಅಂಗಚ್ಛೇದನಗಳನ್ನು ಮಾಡಿದನೆಂದು ದಾಖಲೆಯಿದೆ. ನೋವು ತಿಳಿಯದಂತೆ ಮಾಡುವ ಅರಿವಳಿಕೆಯು ಬಳಕೆಗೆ ಬಂದದ್ದು 1846ರ ನಂತರ. ಕೈಯ ವೇಗವೊಂದೇ ಅಂದು ರೋಗಿಗೆ ತೋರಬಹುದಾಗಿದ್ದ ಕರುಣೆ.

ಆತನ ಧೈರ್ಯಕ್ಕೆ ನಿಜವಾದ ಪರೀಕ್ಷೆ ಒದಗಿದ್ದು 1813ರಲ್ಲಿ. ಲುಟ್ಸೆನ್, ಬೌಟ್ಸೆನ್ ಕದನಗಳ ನಂತರ ಎರಡು ಸಾವಿರಕ್ಕೂ ಮಿಕ್ಕಿ ಎಳೆಯ ಸಿಪಾಯಿಗಳ ಕೈಬೆರಳುಗಳಲ್ಲಿ ಗಾಯಗಳು ಕಂಡುಬಂದವು. ಯುದ್ಧದಿಂದ ತಪ್ಪಿಸಿಕೊಳ್ಳಲು ತಾವೇ ಗಾಯ ಮಾಡಿಕೊಂಡಿದ್ದಾರೆಂದು ಸೇನಾನಿಗಳು ದೂರಿದರು. ದೂರು ನಿಜವೆಂದು ತೀರ್ಮಾನವಾಗಿದ್ದರೆ ಅವರಲ್ಲಿ ಅನೇಕರಿಗೆ ಮರಣದಂಡನೆ ತಪ್ಪುತ್ತಿರಲಿಲ್ಲ. ನೆಪೋಲಿಯನ್ನನು ವಿಚಾರಣೆಯನ್ನು ಲಾರೆಗೆ ಒಪ್ಪಿಸಿದನು. ಲಾರೆಯು ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದನು. ಬಂದೂಕಿನಲ್ಲಿ ಪಳಗದ ಹೊಸಬರು ಸಾಲುಸಾಲಾಗಿ ನಿಂತು ಗುಂಡು ಹಾರಿಸುವಾಗ ಹಿಂದಿನವರ ಗುಂಡು ಮುಂದಿನವರ ಕೈಗೆ ತಾಗಿದೆ, ಅಪರಾಧಕ್ಕೆ ಆಧಾರವಿಲ್ಲ ಎಂದು ವರದಿಯಿತ್ತನು. ಚಕ್ರವರ್ತಿಯು ಕೇಳಲು ಬಯಸಿದ್ದ ಮಾತು ಅದಾಗಿರಲಿಲ್ಲ. ಆದರೂ ಆತನು ವರದಿಯನ್ನು ಒಪ್ಪಿ, ವೈದ್ಯನನ್ನು ಸನ್ಮಾನಿಸಿದನು.

1815ರಲ್ಲಿ ವಾಟರ್ಲೂ ಕದನದ ನಂತರ ಲಾರೆಯು ಪ್ರಷ್ಯನ್ನರ ಸೆರೆಯಾಳಾದನು. ಗುಂಡಿಕ್ಕಿ ಕೊಲ್ಲುವ ಸಿದ್ಧತೆಯೂ ನಡೆಯಿತು. ಆ ಕ್ಷಣದಲ್ಲಿ, ಹಿಂದೆ ಆತನ ಉಪನ್ಯಾಸಗಳನ್ನು ಕೇಳಿದ್ದ ಶತ್ರುಪಕ್ಷದ ವೈದ್ಯನೊಬ್ಬನು ಗುರುತು ಹಿಡಿದು ತಡೆದನು. ಪ್ರಷ್ಯನ್ ಸೇನಾಪತಿ ಬ್ಲೂಚರನ ಮಗನು ಒಮ್ಮೆ ಗಾಯಗೊಂಡು ಬಿದ್ದಾಗ ಬದುಕಿಸಿದವನು ಇದೇ ಲಾರೆ. ಸೇನಾಪತಿಯು ಆತನನ್ನು ಗೌರವದಿಂದ ಬಿಡುಗಡೆ ಮಾಡಿದನು. ನೆಪೋಲಿಯನ್ನನು ತನ್ನ ಮರಣಶಾಸನದಲ್ಲಿ, ತಾನು ಕಂಡವರಲ್ಲೆಲ್ಲ ಅತ್ಯಂತ ಸದ್ಗುಣಿ ಲಾರೆಯೇ ಎಂದು ಬರೆಯಿಸಿ, ಒಂದು ಲಕ್ಷ ಫ್ರಾಂಕುಗಳನ್ನು ಬಿಟ್ಟುಹೋದನು. 1842ರಲ್ಲಿ ಲಾರೆ ಕಾಲವಾದನು. ಲಕ್ಷಾಂತರ ಜನರ ಸಾವಿಗೆ ಕಾರಣವಾದ ಯುದ್ಧಗಳಲ್ಲಿ ಸೇವೆ ಸಲ್ಲಿಸಿದವನು ಆತನೆಂಬುದನ್ನು ಮರೆಯಲಾಗದು. ಆ ಯುದ್ಧಗಳ ನಡುವೆಯೂ ಜೀವವನ್ನು ಜೀವವೆಂದೇ ಕಂಡವನೆಂಬುದೂ ಅಷ್ಟೇ ನಿಜ.

ರಣರಂಗದ ಈ ಪಾಠವು ಊರಿನ ಆಸ್ಪತ್ರೆಗಳನ್ನು ತಲುಪಲು ಬಹುಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅಪಘಾತದ ಕೋಣೆಯಲ್ಲಿ ಅನುಭವವಿಲ್ಲದ ಕಿರಿಯ ವೈದ್ಯರೇ ಇರುತ್ತಿದ್ದುದು ಸಾಮಾನ್ಯ. 1961ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು ಮೂವರು ಸಹೋದ್ಯೋಗಿಗಳೊಡನೆ ತಮ್ಮ ಸ್ವಂತ ವೃತ್ತಿಯನ್ನು ಬಿಟ್ಟು, ತುರ್ತು ವಿಭಾಗದಲ್ಲಿ ಹಗಲಿರುಳೂ ಸರದಿಯಂತೆ ದುಡಿಯತೊಡಗಿದರು. 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಗೇ ಮೀಸಲಾದ ತರಬೇತಿ ಆರಂಭವಾಯಿತು. ಭಾರತದ ವೈದ್ಯಕೀಯ ಪರಿಷತ್ತು ಇದನ್ನು ಪ್ರತ್ಯೇಕ ಶಾಖೆಯೆಂದು ಮಾನ್ಯ ಮಾಡಿದ್ದು 2009ರಲ್ಲಿ. ಕರ್ನಾಟಕದಲ್ಲಿ 108 ಸಂಖ್ಯೆಯ 'ಆರೋಗ್ಯ ಕವಚ' ಆಂಬುಲೆನ್ಸ್ ಸೇವೆ ಪ್ರಾರಂಭವಾದದ್ದು ಅದರ ಹಿಂದಿನ ವರ್ಷ.

ನಮ್ಮ ದೇಶದಲ್ಲಿ ಗಾಯಾಳುವಿಗೆ ಅಡ್ಡಬರುತ್ತಿದ್ದುದು ಹಣದ ಮುಂಗಡ ಹಾಗೂ ಪೊಲೀಸ್ ಕಾಗದ. ಕಾರು ಡಿಕ್ಕಿ ಹೊಡೆದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು, ಇಂತಹ ಪ್ರಕರಣಗಳನ್ನು ನೋಡುವ ಅಧಿಕಾರ ತಮಗಿಲ್ಲವೆಂದು ಹತ್ತಿರದ ಆಸ್ಪತ್ರೆಯವರು ದೂರದ ಮತ್ತೊಂದಕ್ಕೆ ಕಳುಹಿಸಿದರು. ಆತನು ದಾರಿಯಲ್ಲಿಯೇ ಅಸುನೀಗಿದನು. ಈ ಸುದ್ದಿಯನ್ನು ಆಧರಿಸಿದ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದೇ ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ, ಕಾನೂನಿನ ವಿಧಿಗಳೆಲ್ಲ ಆಮೇಲೆ ಎಂದು ತೀರ್ಪಿತ್ತಿತು. ಗಾಯಾಳುವಿಗೆ ನೆರವಾದ ದಾರಿಹೋಕನಿಗೂ 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯು ರಕ್ಷಣೆಯಿತ್ತಿದೆ.

ಕಾನೂನು ಬಾಗಿಲನ್ನು ತೆರೆಯಿಸಬಲ್ಲದು. ಒಳಗೆ ಬಲ್ಲ ಕೈಗಳು ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಸಮಾಜದ ಹೊಣೆ. ಉದಾರಿಗಳು ಆಂಬುಲೆನ್ಸ್ ವಾಹನವನ್ನು ದಾನ ಮಾಡುವುದು ಮೆಚ್ಚತಕ್ಕ ಕಾರ್ಯ. ಆದರೆ ಆ ವಾಹನದಲ್ಲಿ ತರಬೇತಾದ ಸಹಾಯಕನಿದ್ದಾನೆಯೇ? ಆಮ್ಲಜನಕದ ಸಿಲಿಂಡರ್ ತುಂಬಿದೆಯೇ? ರಾತ್ರಿ ಎರಡು ಗಂಟೆಗೆ ಕರೆದರೆ ಚಾಲಕನು ಬರುತ್ತಾನೆಯೇ? ದಾನಿಗಳ ಹೆಸರಿನ ಫಲಕಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ಇವು. ಮರುಗುವ ಮನಸ್ಸು ಅನೇಕರಲ್ಲಿರುತ್ತದೆ. ಆ ಮರುಕವು ಹೊತ್ತು ಮೀರುವ ಮುನ್ನ ಗಾಯಾಳುವನ್ನು ಮುಟ್ಟುವಂತೆ ಏರ್ಪಡಿಸಿದವನು ಲಾರೆ.