ಕಾಫಿ ತೋಟದ ರ‍್ಯಾಲಿ, ಕುಪ್ಪಳಿಸುವ ಚಕ್ರ
ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಗಳು ಕಾರ್ ರ‍್ಯಾಲಿಗೆ ಹೆಸರಾದ ಅಖಾಡ. ರಾಷ್ಟ್ರೀಯ ರ‍್ಯಾಲಿಗಳಲ್ಲಿ ಮೆರೆದ ಮಿತ್ಸುಬಿಷಿ ಸೀಡಿಯಾ, ಫೋಕ್ಸ್‌ವ್ಯಾಗನ್ ಪೋಲೊ ಎರಡೂ ಮುಂಚಕ್ರ ಚಾಲನೆಯವು. ಏರಿನಲ್ಲಿ ಭಾರ ಹಿಂದಕ್ಕೆ ಸರಿದು, ಎಂಜಿನ್ನಿನ ಬಲ ಪಡೆಯುವ ಮುಂಚಕ್ರವೇ ಹಗುರಾಗುತ್ತದೆ. ಟೈರು ಜಾರಿ, ಹಿಡಿದು, ಮತ್ತೆ ಜಾರುವಾಗ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ತಿರುಚಿಕೊಂಡು ಚಿಮ್ಮುತ್ತವೆ, ಚಕ್ರ ಕುಪ್ಪಳಿಸುತ್ತದೆ. ಟರ್ಬೊ ಕೂಡಿಸಿದ ಕಾರಿನಲ್ಲಿ ಬಲ ಒಮ್ಮೆಲೇ ನುಗ್ಗುವುದರಿಂದ ಕಾಟ ಹೆಚ್ಚು. ಆಕ್ಸಲ್ ಮುರಿಯುವುದೂ ಉಂಟು. ಗಟ್ಟಿ ಬುಷ್, ಬಿಗಿಯಾದ ಎಂಜಿನ್ ಮೌಂಟ್, ತಕ್ಕ ಡ್ಯಾಂಪರ್ ಇದಕ್ಕೆ ಮದ್ದು. ಸವೆದ ಬುಷ್ ಬದಲಿಸದೆ ಬರೀ ಎಂಜಿನ್ನಿನ ಬಲ ಹೆಚ್ಚಿಸುವುದು ದುಡುಕು.

2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ಚಿಕ್ಕಮಗಳೂರಿನಲ್ಲೇ ನಡೆಯಿತು. ಆ ವರ್ಷದ ಪ್ರಶಸ್ತಿ ಭಾರತದ ಚಾಲಕ ಗೌರವ್ ಗಿಲ್ ಪಾಲಾಯಿತು. ಅವರ ಸ್ಕೋಡಾ ಫೇಬಿಯಾದ ಟರ್ಬೊ ಬಲ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತಿತ್ತು, ಮುಂಚಕ್ರಗಳ ಮೇಲಷ್ಟೇ ಬೀಳುತ್ತಿರಲಿಲ್ಲ. 2019ರಲ್ಲಿ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.